ಓವನ್‌ನಲ್ಲಿ ಖಾರದ ಮೀನು: ಯಾವ ಮೀನಿಗೆ ಯಾವ ಮಸಾಲೆ, ಯಾವ ಓವನ್?

ಕೆಲಸ ಮುಗಿಸಿ ಮನೆ ಸೇರುವಾಗ ಸಂಜೆ 7.30. ಕೈಯಲ್ಲಿ ಅರ್ಧ ಕಿಲೋ ಮೀನು. ಮನೆಯಲ್ಲಿ ನಾಲ್ಕು ಜನ, ನಾಲ್ಕೂ ಜನಕ್ಕೆ ಹಸಿವು. ಕಾವಲಿ ಇಟ್ಟರೆ ಎರಡು ಸಲವೋ ಮೂರು ಸಲವೋ ಹುರಿಯಬೇಕು, ಕೊನೆಯ ತುಂಡು ಬೇಯುವಷ್ಟರಲ್ಲಿ ಮೊದಲ ತುಂಡು ಆರಿ ಹೋಗಿರುತ್ತದೆ, ಒಲೆ ಸುತ್ತ ಎಣ್ಣೆ ಸಿಡಿದಿರುತ್ತದೆ, ಫ್ಲ್ಯಾಟ್ ತುಂಬಾ ಹೊಗೆ. ಅದೇ ಮೀನಿಗೆ ಮಸಾಲೆ ಹಚ್ಚಿ ಓವನ್‌ನಲ್ಲಿಟ್ಟರೆ ಎಲ್ಲ ಒಟ್ಟಿಗೆ ಬೇಯುತ್ತದೆ, ಆ ಹೊತ್ತಿಗೆ ನೀವು ಅನ್ನ, ಸಾರು ನೋಡಿಕೊಳ್ಳಬಹುದು. ನಾನು ಉಡುಪಿ ಕಡೆಯವಳು. ಬೆಂಗಳೂರಿಗೆ ಬಂದ ಮೇಲೆ ಶುರುವಾದ ಅಭ್ಯಾಸ ಇದು, ಈಗ ವಾರಕ್ಕೊಮ್ಮೆಯಾದರೂ ಮಾಡುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ರವೆ ಹಚ್ಚಿ ಕಾವಲಿಯಲ್ಲಿ ಹುರಿದ ಮೀನಿನ ಆ ಗರಿಗರಿ ಓವನ್‌ನಲ್ಲಿ ಬರುವುದಿಲ್ಲ. ಅದೇ ಬೇಕು ಅಂದರೆ ಕಾವಲಿಯೇ ಸರಿ, ಬೇರೆ ದಾರಿ ಹುಡುಕಬೇಡಿ. ಓವನ್ ಕೊಡುವ ರುಚಿ ಬೇರೆ. ಹೊರಗೆ ಮಸಾಲೆ ಒಣಗಿ ಅಂಚು ಸ್ವಲ್ಪ ಕಪ್ಪಾಗಿರುತ್ತದೆ, ಒಳಗೆ ಮೀನಿನ ರಸ ಹಾಗೇ ಉಳಿದಿರುತ್ತದೆ. ಕೆಂಡದ ಮೇಲೆ ಸುಟ್ಟ ಮೀನು ತಿಂದವರಿಗೆ ಈ ರುಚಿ ಗೊತ್ತು.

ಓಟಿಜಿ (ಓವನ್, ಟೋಸ್ಟರ್, ಗ್ರಿಲ್ ಮೂರೂ ಸೇರಿದ ಪುಟ್ಟ ಓವನ್) ತಗೊಳ್ಳಲಾ, ಜೋರು ಬಿಸಿಗಾಳಿಯಲ್ಲಿ ಬೇಯಿಸುವ ಏರ್ ಫ್ರೈಯರ್ ತಗೊಳ್ಳಲಾ ಅಂತಲೇ ಎಲ್ಲರೂ ಮೊದಲು ಕೇಳುತ್ತಾರೆ. ನನ್ನ ಪ್ರಕಾರ ಅದು ಕೊನೆಯ ಪ್ರಶ್ನೆ. ಮೊದಲು ಮೀನು ಯಾವುದು ಅಂತ ನೋಡಿ. ಮೀನಿನಲ್ಲಿ ಎಣ್ಣೆಯಂಶ ಎಷ್ಟಿದೆ ಅನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಎಣ್ಣೆ ಇರುವ ಮೀನನ್ನು ತೆರೆದಿಟ್ಟು ಬೇಯಿಸಬಹುದು, ಎಣ್ಣೆ ಕಮ್ಮಿ ಇರುವ ಮೀನನ್ನು ಏನಾದರೂ ಸುತ್ತಿಯೇ ಬೇಯಿಸಬೇಕು. ಇದೊಂದು ಗೊತ್ತಿದ್ದರೆ ಯಾವ ಓವನ್ ಇದ್ದರೂ ನಡೆಯುತ್ತದೆ.

ಯಾವ ಮೀನು

ಬಂಗುಡೆ, ಅಂದರೆ ಮ್ಯಾಕೆರೆಲ್. ಬೇರೆ ಯೋಚನೆ ಬೇಡ ಅನ್ನುವವರಿಗೆ ಇಲ್ಲೇ ಉತ್ತರ ಸಿಕ್ಕಿತು. ಕಾರಣ ಅದರಲ್ಲಿರುವ ಎಣ್ಣೆ. ಓವನ್ ಅಂದರೆ ಒಣ ಬಿಸಿ, ಅದು ಮೀನಿನ ನೀರನ್ನು ಎಳೆಯುತ್ತದೆ. ಬಂಗುಡೆಯ ಚರ್ಮದ ಕೆಳಗಿನ ಕೊಬ್ಬು ಬಿಸಿಗೆ ಕರಗಿ ಮೀನನ್ನು ಒಳಗಿನಿಂದಲೇ ಒದ್ದೆಯಾಗಿಡುತ್ತದೆ. ಎರಡು ನಿಮಿಷ ಜಾಸ್ತಿ ಬೆಂದರೂ ಹಾಳಾಗಲ್ಲ. ಗಟ್ಟಿ ರುಚಿಯ ಮೀನು, ಹಾಗಾಗಿ ಎಷ್ಟು ಖಾರ ಹುಳಿ ಹಾಕಿದರೂ ತಡೆಯುತ್ತದೆ. ಮಧ್ಯಮ ಗಾತ್ರದ್ದು ಅರ್ಧ ಕಿಲೋಗೆ ನಾಲ್ಕು ಬರುತ್ತದೆ, ಒಬ್ಬರಿಗೆ ಒಂದು, ಲೆಕ್ಕವೂ ಸುಲಭ. ಇಡೀ ಮೀನೇ ಇಡಿ, ತುಂಡು ಮಾಡಬೇಡಿ. ಎರಡೂ ಬದಿಗೆ ಮೂರು ಮೂರು ಗೀರು, ಮುಳ್ಳಿಗೆ ತಾಗುವಷ್ಟು ಆಳಕ್ಕೆ ಹಾಕಿ. ಗೀರು ಮೇಲೆ ಮೇಲೆ ಇದ್ದರೆ ಮಸಾಲೆ ಚರ್ಮದಲ್ಲೇ ನಿಂತು ಒಳಗಿನ ಮಾಂಸ ಸಪ್ಪೆ ಆಗುತ್ತದೆ. ಹೊಟ್ಟೆಯೊಳಗೂ ಒಂದು ಚಮಚ ಮಸಾಲೆ ತುಂಬಿ.

ಬಂಗುಡೆ ಆರಿಸುವಾಗ ತಾಜಾತನದ ವಿಷಯದಲ್ಲಿ ಮಾತ್ರ ರಾಜಿ ಬೇಡ. ಕಣ್ಣು ತಿಳಿಯಾಗಿ ಉಬ್ಬಿರಬೇಕು. ಕಿವಿರು ಎತ್ತಿ ನೋಡಿದರೆ ಕೆಂಪಿರಬೇಕು, ಕಂದು ಬಣ್ಣಕ್ಕೆ ತಿರುಗಿದ್ದರೆ ಬಿಟ್ಟುಬಿಡಿ. ಬೆರಳಲ್ಲಿ ಒತ್ತಿದರೆ ಗುಳಿ ನಿಲ್ಲಬಾರದು. ಬಂಗುಡೆ, ಅಂಜಲ್ (ಸುರ್ಮಾಯಿ), ಟ್ಯೂನಾ ಎಲ್ಲ ಒಂದೇ ಕುಟುಂಬದ ಮೀನುಗಳು. ಇವನ್ನು ಐಸ್ ಇಲ್ಲದೆ ಹೊರಗೆ ಬಿಟ್ಟರೆ ಮಾಂಸದಲ್ಲಿ ಹಿಸ್ಟಮೀನ್ ಅನ್ನುವ ಅಂಶ ಸೇರಿಕೊಳ್ಳುತ್ತದೆ. ಅದನ್ನು ತಿಂದರೆ ಮುಖ ಕೆಂಪಾಗುತ್ತದೆ, ತುರಿಕೆ, ತಲೆನೋವು, ಕೆಲವರಿಗೆ ವಾಂತಿ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ಅದಕ್ಕೇ ಹೇಳುವುದು, ಸಂಜೆಯ ಅಡುಗೆಗೆ ಬೆಳಗ್ಗೆ ಮೀನು ತಂದು ಆಫೀಸಿನ ಚೀಲದಲ್ಲಿ ಇಟ್ಟುಕೊಳ್ಳುವ ಕೆಲಸ ಮಾಡಬೇಡಿ. ಬೆಳಗ್ಗೆಯೇ ತಂದರೆ ತೊಳೆದು, ಉಪ್ಪು ಅರಿಶಿನ ಹಚ್ಚಿ, ಫ್ರಿಜ್‌ನಲ್ಲಿಟ್ಟೇ ಹೊರಡಿ.

ಭೂತಾಯಿಯೂ (ಸಾರ್ಡೀನ್) ಎಣ್ಣೆ ಮೀನೇ. ಕುಂದಾಪುರದ ಕಡೆ ಬೈಗೆ ಅಂತಾರೆ, ಕಾರವಾರದ ಕಡೆ ತಾರ್ಲೆ. ಸಣ್ಣ ಮೀನು, 220 ಡಿಗ್ರಿಯಲ್ಲಿ 10 ನಿಮಿಷ ಸಾಕು. ಬೆಲೆ ಕಮ್ಮಿ, ರುಚಿಯಲ್ಲಿ ಏನೂ ಕಮ್ಮಿ ಇಲ್ಲ. ಆದರೆ ವಾಸನೆ ಓವನ್‌ನಲ್ಲಿ ಎರಡು ದಿನ ನಿಲ್ಲುತ್ತದೆ. ಅದೇ ಓವನ್‌ನಲ್ಲಿ ಮಕ್ಕಳಿಗೆ ಕೇಕ್ ಮಾಡುವ ಮನೆಯಾದರೆ ಇದನ್ನು ಕಾವಲಿಗೇ ಬಿಡಿ.

ಅಂಜಲ್ ಎಲ್ಲರಿಗೂ ಇಷ್ಟ, ಮುಳ್ಳು ಕಮ್ಮಿ, ನೆಂಟರು ಬಂದಾಗ ಇಟ್ಟರೆ ಗೌರವ. ಆದರೆ ಓವನ್‌ಗೆ ಇದು ಸ್ವಲ್ಪ ನಾಜೂಕಿನ ಮೀನು. ಎಣ್ಣೆ ಬಂಗುಡೆಯಷ್ಟು ಇಲ್ಲ, ಜೊತೆಗೆ ನಾವು ತುಂಡು ಮಾಡಿ ತರುತ್ತೇವೆ, ಎರಡು ಬದಿಯಲ್ಲೂ ಚರ್ಮದ ಕಾವಲು ಇರುವುದಿಲ್ಲ. ಅಂಗಡಿಯಲ್ಲಿ ಕೇಳದಿದ್ದರೆ ಫ್ರೈಗೆ ಅಂತ ತೆಳ್ಳಗೆ ಕತ್ತರಿಸಿ ಕೊಡುತ್ತಾರೆ. ಒಮ್ಮೆ ಹಾಗೇ ತಂದ ಬೆರಳು ದಪ್ಪವೂ ಇಲ್ಲದ ತುಂಡುಗಳನ್ನು 200 ಡಿಗ್ರಿಯಲ್ಲಿ 15 ನಿಮಿಷ ಇಟ್ಟೆ. ಹೊರಗೆ ತೆಗೆದರೆ ಹೀರೆಕಾಯಿ ನಾರಿನ ಹಾಗೆ ಎಳೆ ಎಳೆ. ಅಷ್ಟು ಬೆಲೆ ಕೊಟ್ಟ ಮೀನು ಹಾಗಾದರೆ ಹೊಟ್ಟೆ ಉರಿಯುತ್ತದೆ, ಅಲ್ವಾ? ಈಗ ಎರಡು ಸೆಂಟಿಮೀಟರ್ ದಪ್ಪ ಇರಲಿ ಅಂತ ಎದುರಿಗೇ ನಿಂತು ಕತ್ತರಿಸಿಕೊಳ್ಳುತ್ತೇನೆ. ಆ ದಪ್ಪಕ್ಕೆ ತೆರೆದಿಟ್ಟರೆ 10 ನಿಮಿಷ, ಬಾಳೆ ಎಲೆ ಸುತ್ತಿದರೆ 15.

ಮಾಂಜಿ, ಅಂದರೆ ಪಾಂಪ್ಲೆಟ್, ಚಪ್ಪಟೆ ಮೀನು. ಎಲ್ಲ ಕಡೆ ಒಂದೇ ದಪ್ಪ ಇರುವುದರಿಂದ ಸಮವಾಗಿ ಬೇಯುತ್ತದೆ, ಮಾಂಸ ಬೆಣ್ಣೆಯ ಹಾಗೆ. ಬೆಲೆಯನ್ನು ಬಿಟ್ಟರೆ ಇದರಲ್ಲಿ ಯಾವ ತಪ್ಪೂ ಇಲ್ಲ. ಬಾಳೆ ಎಲೆಯಲ್ಲಿ ಸುತ್ತಿ ಮಾಡುವ ಮೀನು ಅಂದರೆ ನನಗೆ ಇದೇ. ಕಾಣೆಯನ್ನು (ಲೇಡಿಫಿಶ್) ಮಾತ್ರ ದಯವಿಟ್ಟು ಓವನ್‌ಗೆ ಹಾಕಬೇಡಿ. ಅಷ್ಟು ಮೆದುವಾದ ಮಾಂಸ, ಎಣ್ಣೆಯೂ ಇಲ್ಲ, ಕಾವಲಿಯ ರವೆ ಫ್ರೈಗೆ ಅಂತಲೇ ಹುಟ್ಟಿದ ಮೀನು ಅದು.

ಕಡಲ ಮೀನು ಸಿಗದ ಊರಿನವರಿಗೆ ರೋಹು, ಕಾಟ್ಲಾ ಇವೆ. ದಪ್ಪ ತುಂಡು ಒಳ್ಳೆಯದೇ ಆಗುತ್ತದೆ. ಮಾಂಸದ ನಡುವೆ ಕವಲು ಮುಳ್ಳು ಇರುತ್ತದೆ, ಚಿಕ್ಕ ಮಕ್ಕಳಿಗೆ ಕೊಡುವಾಗ ಬಿಡಿಸಿ ಕೊಡಿ. ಕೆರೆ ಮೀನಿನ ಮಣ್ಣಿನ ವಾಸನೆಗೆ ಹುಳಿಯೇ ಮದ್ದು. ಲಿಂಬೆ ರಸ ಇಲ್ಲವೇ ವಿನೆಗರ್ ಜೊತೆ ಉಪ್ಪು, ಅರಿಶಿನ ಹಚ್ಚಿ 10 ನಿಮಿಷ ಬಿಟ್ಟು ತೊಳೆದರೆ ತುಂಬಾ ಮಟ್ಟಿಗೆ ಹೋಗುತ್ತದೆ. ಬಾಸಾ ಅಂತ ಫ್ರೋಜನ್ ಸಿಗುತ್ತದಲ್ಲ, ಅದು ಮುಳ್ಳಿಲ್ಲದ, ವಾಸನೆ ಇಲ್ಲದ ಮೀನು, ಮಕ್ಕಳು ತಿನ್ನುತ್ತಾರೆ. ತೊಂದರೆ ಏನೆಂದರೆ ನೀರು. ಐಸ್ ಪೂರ್ತಿ ಬಿಡುವ ಮೊದಲು ಮಸಾಲೆ ಹಚ್ಚಿದರೆ ಮಸಾಲೆ ಜಾರಿ ಟ್ರೇ ತಳಕ್ಕೆ ಹೋಗಿ ಅಲ್ಲಿ ಸಾರಾಗುತ್ತದೆ. ಹಿಂದಿನ ರಾತ್ರಿಯೇ ಫ್ರೀಜರ್‌ನಿಂದ ಫ್ರಿಜ್‌ಗೆ ಇಳಿಸಿ, ಹಚ್ಚುವ ಮೊದಲು ಬಟ್ಟೆಯಲ್ಲೋ ಟಿಶ್ಯೂನಲ್ಲೋ ಒತ್ತಿ ಒತ್ತಿ ಒರೆಸಿ.

ಹೊರದೇಶದಲ್ಲಿರುವ ನಮ್ಮವರಿಗೂ ಲೆಕ್ಕ ಇದೇ. ಸಾಲ್ಮನ್ ಎಣ್ಣೆ ಮೀನು, ಬಂಗುಡೆಯ ಮಸಾಲೆ ಅದಕ್ಕೆ ಚೆನ್ನಾಗಿ ಹಿಡಿಯುತ್ತದೆ, ತೆರೆದೇ ಇಡಿ. ಕಾಡ್, ತಿಲಾಪಿಯ ಎರಡಕ್ಕೂ ಎಣ್ಣೆ ಕಮ್ಮಿ, ಸುತ್ತಿ ಇಡಿ. ಸಾಲ್ಮನ್ ಮೇಲೆ ಬಿಳೀ ಮೊಸರಿನ ಹಾಗೆ ಜಾಸ್ತಿ ಉಕ್ಕಿ ಬಂದರೆ ಬಿಸಿ ಹೆಚ್ಚಾಯಿತು ಅಂತ ಅರ್ಥ.

ಇನ್ನು ಮಳೆಗಾಲ. ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ ಅದು, ನಿಷೇಧ ಇರಲೇಬೇಕು. ಆ ಎರಡು ತಿಂಗಳು ಬೆಂಗಳೂರಿನ ಅಂಗಡಿಯಲ್ಲಿ ಕಾಣುವ ಬಂಗುಡೆ ಪೂರ್ವ ಕರಾವಳಿಯಿಂದ ಬಂದಿರಬಹುದು, ಐಸ್‌ನಲ್ಲಿ ತುಂಬಾ ದಿನ ಮಲಗಿದ್ದೂ ಇರಬಹುದು. ಕಣ್ಣು, ಕಿವಿರು ನೋಡಿ ಸಮಾಧಾನ ಆಗದಿದ್ದರೆ ಆ ದಿನ ಕೆರೆ ಮೀನು ತನ್ನಿ.

ಮಸಾಲೆ: ಇಲ್ಲೇ ತಪ್ಪುವುದು

ಓವನ್ ಮೀನು ನನಗೆ ಇಷ್ಟ ಆಗಲಿಲ್ಲ ಅನ್ನುವವರ ಹತ್ತಿರ ಮಾತಾಡಿದರೆ ಹೆಚ್ಚಾಗಿ ಕಾರಣ ಮೀನಲ್ಲ, ಮಸಾಲೆ. ಕಾವಲಿಯಲ್ಲಿ ಮಸಾಲೆ ನೇರ ಬಿಸಿ ಎಣ್ಣೆಯಲ್ಲಿ ಹುರಿಯುತ್ತದೆ, ಬೆಳ್ಳುಳ್ಳಿ, ಮೆಣಸು, ಕೊತ್ತಂಬರಿಯ ಹಸಿ ವಾಸನೆ ಅಲ್ಲೇ ಹೋಗುತ್ತದೆ. ಓವನ್‌ನಲ್ಲಿ ಹಾಗಲ್ಲ. 15 ನಿಮಿಷದಲ್ಲಿ ಮೀನು ಬೇಯುತ್ತದೆ, ಮಸಾಲೆ ಬರೀ ಒಣಗುತ್ತದೆ. ಮೊದಲ ಸಲ ಮಾಡಿ ಅಮ್ಮನಿಗೆ ಕೊಟ್ಟಾಗ ಒಂದು ತುತ್ತು ತಿಂದು, "ಮೀನು ಒಳ್ಳೆದುಂಟು, ಮಸಾಲೆ ಮಾತ್ರ ಹಸಿ ಹಸಿ ಉಂಟಲ್ಲ ಮಗಾ, ಸ್ವಲ್ಪ ಹುರಿದು ಹಚ್ಚಬಾರದಾ?" ಅಂದರು. ಆ ಒಂದು ಮಾತಿನಿಂದ ನನ್ನ ಓವನ್ ಅಡುಗೆ ಸರಿಯಾಯಿತು. ಅರೆದ ಮಸಾಲೆಯನ್ನು ಎರಡು ಚಮಚ ತೆಂಗಿನೆಣ್ಣೆಯಲ್ಲಿ 4ರಿಂದ 5 ನಿಮಿಷ, ಬಣ್ಣ ಗಾಢವಾಗಿ ಅಂಚಿನಲ್ಲಿ ಎಣ್ಣೆ ಬಿಡುವ ತನಕ ಹುರಿಯಿರಿ. ಆರಿದ ಮೇಲೆ ಹಚ್ಚಿ. ಬಿಸಿ ಬಿಸಿ ಹಚ್ಚಿದರೆ ಮೀನಿನ ಮೇಲ್ಪದರ ಅಲ್ಲೇ ಬೆಂದು ಮಸಾಲೆ ಅಂಟುವುದಿಲ್ಲ.

ನಾನು ಹೆಚ್ಚಾಗಿ ಮಾಡುವುದು ಕೆಂಪು ಮಸಾಲೆ. ಅರ್ಧ ಕಿಲೋ ಮೀನಿಗೆ ಬ್ಯಾಡಗಿ ಮೆಣಸು 10, ಗುಂಟೂರು ಮೆಣಸು 3, ಕೊತ್ತಂಬರಿ ಬೀಜ 1 ಚಮಚ, ಜೀರಿಗೆ ಅರ್ಧ ಚಮಚ, ಮೆಂತ್ಯ ನಾಲ್ಕೈದು ಕಾಳು, ಕಾಳುಮೆಣಸು 8, ಬೆಳ್ಳುಳ್ಳಿ 6 ಎಸಳು, ಅರ್ಧ ಇಂಚು ಶುಂಠಿ, ಸಣ್ಣ ನೆಲ್ಲಿಕಾಯಿ ಗಾತ್ರದ ಹುಣಸೆಹುಳಿ, ಅರಿಶಿನ, ಉಪ್ಪು. ಮೆಣಸನ್ನು ಬಿಸಿನೀರಿನಲ್ಲಿ 10 ನಿಮಿಷ ನೆನೆಹಾಕಿದರೆ ಮಿಕ್ಸಿಯಲ್ಲಿ ಬೇಗ ನುಣ್ಣಗಾಗುತ್ತದೆ. ಆದರೆ ಅರೆಯುವಾಗ ನೀರು ಜಾಸ್ತಿ ಹಾಕಬೇಡಿ, ಎರಡು ಮೂರು ಚಮಚ ಸಾಕು. ತೆಳ್ಳಗಾದರೆ ಹುರಿಯಲು ಹೊತ್ತು ಬೇಕು.

ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಬರೀ ಬ್ಯಾಡಗಿ ಹಾಕಿದರೆ ನೋಡಲು ಉರಿಯುವ ಕೆಂಪು, ಬಾಯಿಗೆ ಇಟ್ಟರೆ ಖಾರವೇ ಇಲ್ಲ. ಬ್ಯಾಡಗಿಯಲ್ಲೂ ಡಬ್ಬಿ, ಕಡ್ಡಿ ಅಂತ ಎರಡು ಇವೆ. ಡಬ್ಬಿ ದಪ್ಪಗೆ ಗುಂಡಗಿರುತ್ತದೆ, ಬಣ್ಣ ಜಾಸ್ತಿ. ಕಡ್ಡಿ ಸಪೂರ. ಮಕ್ಕಳಿರುವ ಮನೆಯಲ್ಲಿ ಬ್ಯಾಡಗಿ ಮಾತ್ರ ಹಾಕಿ, ದೊಡ್ಡವರ ಮೀನಿನ ಮೇಲೆ ಕೊನೆಗೆ ಕುಟ್ಟಿದ ಕಾಳುಮೆಣಸು ಉದುರಿಸಿ. ಒಂದೇ ಟ್ರೇ, ಎರಡು ಖಾರ.

ಹಸಿರು ಮಸಾಲೆ ಅಂದರೆ ಕೊತ್ತಂಬರಿ ಸೊಪ್ಪು, ಪುದೀನ, ಹಸಿಮೆಣಸು, ಬೆಳ್ಳುಳ್ಳಿ, ಲಿಂಬೆ, ಒಂದು ಹಿಡಿ ತೆಂಗಿನತುರಿ. ಇದನ್ನು ಹುರಿಯುವುದು ಬೇಡ, ಹುರಿದರೆ ಬಣ್ಣವೂ ಹೋಗುತ್ತದೆ, ಪರಿಮಳವೂ ಹೋಗುತ್ತದೆ. ಆದರೆ ತೆರೆದಿಟ್ಟರೆ ಸೊಪ್ಪು ಕಪ್ಪಾಗಿ ಕಹಿ ಬರುತ್ತದೆ. ಹಾಗಾಗಿ ಹಸಿರು ಮಸಾಲೆಗೆ ಬಾಳೆ ಎಲೆ ಬೇಕೇ ಬೇಕು. ಪಾರ್ಸಿಗಳ ಪಾತ್ರಾ ನಿ ಮಚ್ಛಿ ಇದೇ ದಾರಿಯದ್ದು, ಹಸಿರು ಚಟ್ನಿ ಹಚ್ಚಿದ ಮೀನನ್ನು ಬಾಳೆ ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುತ್ತಾರೆ. ಮಾಂಜಿ, ಬಾಸಾ, ಅಂಜಲ್‌ಗೆ ಹಸಿರು ಚೆನ್ನ. ಬಂಗುಡೆಗೆ ಕೆಂಪೇ ಬೇಕು, ಹಸಿರು ಅದರ ಮುಂದೆ ನಿಲ್ಲುವುದಿಲ್ಲ.

ಏನೂ ಅರೆಯಲು ಹೊತ್ತಿಲ್ಲ ಅಂದರೆ ಕಾಳುಮೆಣಸು. ಎರಡು ಚಮಚ ಕುಟ್ಟಿದ ಕಾಳುಮೆಣಸು, ಜಜ್ಜಿದ ಬೆಳ್ಳುಳ್ಳಿ, ಅರಿಶಿನ, ಉಪ್ಪು, ಲಿಂಬೆ, ಎಣ್ಣೆ, ಅಷ್ಟೇ. ಐದು ನಿಮಿಷದ ಕೆಲಸ. ರುಚಿಯಲ್ಲಿ ಕೆಂಪು ಮಸಾಲೆಗೆ ಸಮ ಅನ್ನುವುದಿಲ್ಲ, ಆದರೆ ಪ್ಯಾಕೆಟ್ ಮಸಾಲೆಗಿಂತ ಎಷ್ಟೋ ಮೇಲು. ಪ್ಯಾಕೆಟ್ ಹಾಕುವುದಾದರೆ ಮೊದಲು ನಾಲಿಗೆಗೆ ಇಟ್ಟು ನೋಡಿ, ಹೆಚ್ಚಿನದರಲ್ಲಿ ಉಪ್ಪು ಮೊದಲೇ ಇರುತ್ತದೆ. ಅದನ್ನೂ ಎಣ್ಣೆಯಲ್ಲಿ ಒಂದು ನಿಮಿಷ ಸಣ್ಣ ಉರಿಯಲ್ಲಿ ಬಿಸಿ ಮಾಡಿಯೇ ಹಚ್ಚಿ.

ಹಚ್ಚಿ ಎಷ್ಟು ಹೊತ್ತು ಬಿಡಬೇಕು? 15ರಿಂದ 20 ನಿಮಿಷ ಸಾಕು. ಕೋಳಿಯ ಹಾಗೆ ರಾತ್ರಿಯಿಡೀ ಇಡುವ ಮಾಂಸ ಇದಲ್ಲ. ಹುಳಿಯಲ್ಲಿ ಗಂಟೆಗಟ್ಟಲೆ ಬಿಟ್ಟರೆ ಮೀನು ಬೆಳ್ಳಗಾಗಿ, ಬೇಯಿಸಿದಾಗ ಪುಡಿ ಪುಡಿ ಆಗುತ್ತದೆ. ಬೆಳಗ್ಗೆಯೇ ಹಚ್ಚಿಡಬೇಕು ಅನ್ನುವವರು ಉಪ್ಪು, ಅರಿಶಿನ ಮಾತ್ರ ಹಚ್ಚಿ, ಹುಳಿ ಇರುವ ಮಸಾಲೆ ಸಂಜೆಗೇ ಇರಲಿ.

ತೆರೆದಿಡುವುದಾ, ಸುತ್ತುವುದಾ

ಬಾಳೆ ಎಲೆ ಸಿಕ್ಕಿದರೆ ಬೇರೆ ಯೋಚನೆಯೇ ಬೇಡ. ಗ್ಯಾಸ್ ಉರಿಯ ಮೇಲೆ ಎಲೆಯನ್ನು ಆಚೀಚೆ ಆಡಿಸಿ ಬಾಡಿಸಿಕೊಳ್ಳಿ, ಬಣ್ಣ ಹೊಳಪಾಗಿ ಎಲೆ ಮೆತ್ತಗಾದರೆ ಮಡಚುವಾಗ ಸೀಳುವುದಿಲ್ಲ. ಒಳಗೆ ಸ್ವಲ್ಪ ತೆಂಗಿನೆಣ್ಣೆ ಸವರಿ, ನಾಲ್ಕು ಕರಿಬೇವು, ಎರಡು ಬಿಲ್ಲೆ ಟೊಮೆಟೊ ಇಟ್ಟು, ಮೇಲೆ ಮೀನು. ಕೇರಳದ ಕರಿಮೀನ್ ಪೊಳ್ಳಿಚ್ಚದ್ದು ಮಾಡುವವರು ಮೀನನ್ನು ಮೊದಲು ಸ್ವಲ್ಪ ಹುರಿದು, ಹುರಿದ ನೀರುಳ್ಳಿ ಮಸಾಲೆ ಮೇಲೆ ಕೆಳಗೆ ಹಾಕಿ ಸುತ್ತುತ್ತಾರೆ. ಹೊತ್ತು ಇದ್ದ ದಿನ ಮಾಂಜಿಗೆ ಹಾಗೆ ಮಾಡಿ ನೋಡಿ, ಎಲೆ ಬಿಚ್ಚುವಾಗ ಬರುವ ಪರಿಮಳಕ್ಕೇ ಅರ್ಧ ಹೊಟ್ಟೆ ತುಂಬುತ್ತದೆ.

ಎಲೆ ಇಲ್ಲದಿದ್ದರೆ ಬೇಕಿಂಗ್ ಪೇಪರ್. ಅಲ್ಯೂಮಿನಿಯಂ ಫಾಯಿಲ್ ಬಗ್ಗೆ ಒಂದು ಎಚ್ಚರ. ಹುಣಸೆ, ಲಿಂಬೆ, ವಿನೆಗರ್ ಇರುವ ಮಸಾಲೆ ನೇರ ಫಾಯಿಲ್‌ಗೆ ತಾಗಿ ಬಿಸಿಯಾದರೆ ಹುಳಿ ಲೋಹವನ್ನು ಕೊರೆಯುತ್ತದೆ, ಮೀನಿಗೆ ತಗಡಿನ ರುಚಿ ಬರುತ್ತದೆ. ನಮ್ಮ ಮೀನಿನ ಮಸಾಲೆಯಲ್ಲಿ ಹುಳಿ ಇಲ್ಲದ್ದು ಯಾವುದಿದೆ? ಹಾಗಾಗಿ ಒಳಗೆ ಬೇಕಿಂಗ್ ಪೇಪರ್ ಇಟ್ಟು, ಹೊರಗೆ ಬೇಕಿದ್ದರೆ ಫಾಯಿಲ್ ಸುತ್ತಿ.

ಸುತ್ತಿದ ಮೀನಿಗೆ 5 ನಿಮಿಷ ಜಾಸ್ತಿ ಹಿಡಿಯಿರಿ. ಅಂಚು ಕಪ್ಪಾಗಿ ಮಸಾಲೆ ಒಣಗಿರಬೇಕು ಅನ್ನುವವರು ಕೊನೆಯ 3 ನಿಮಿಷ ಎಲೆ ಬಿಚ್ಚಿ ಮೇಲಿನ ಬಿಸಿಗೆ ಕೊಡಿ.

ಓಟಿಜಿ, ಕನ್ವೆಕ್ಷನ್, ಏರ್ ಫ್ರೈಯರ್, ಇಲ್ಲದಿದ್ದರೆ ಗ್ಯಾಸ್

ನಾಲ್ಕು ಜನರ ಮನೆಗೆ ಓಟಿಜಿಯೇ ನನ್ನ ಆಯ್ಕೆ. ಕಾರಣ ಜಾಗ, ಮತ್ತೆ ಮೇಲೆ ಕೆಳಗೆ ಬೇರೆ ಬೇರೆ ರಾಡ್. 200 ಡಿಗ್ರಿಗೆ ಬಿಸಿಯಾಗಲು 10 ನಿಮಿಷವಾದರೂ ಬೇಕು, ಮೀನಿಗೆ ಮಸಾಲೆ ಹಚ್ಚಿದ ತಕ್ಷಣ ಸ್ವಿಚ್ ಹಾಕಿಬಿಡಿ. ತಣ್ಣಗಿನ ಓವನ್‌ನಲ್ಲಿ ಮೀನಿಟ್ಟರೆ ಅದು ಬೇಯುವ ಮೊದಲು ನೀರು ಬಿಟ್ಟುಕೊಂಡು ಕೂರುತ್ತದೆ. ಟ್ರೇ ಮೇಲೆ ನೇರ ಇಡುವುದಕ್ಕಿಂತ ತಂತಿ ಜಾಲರಿಯ ಮೇಲಿಟ್ಟು ಕೆಳಗೆ ಟ್ರೇ ಇಟ್ಟರೆ ಒಳ್ಳೆಯದು, ಬಂಗುಡೆ ಬಿಡುವ ಎಣ್ಣೆ ಕೆಳಗೆ ಬೀಳುತ್ತದೆ, ಮೀನು ಅದರಲ್ಲಿ ನೆನೆಯುವುದಿಲ್ಲ. ಮಧ್ಯದ ಸಾಲಿನಲ್ಲಿ, ಎರಡೂ ರಾಡ್ ಹಾಕಿ, ಮಧ್ಯಮ ಬಂಗುಡೆಗೆ 15 ನಿಮಿಷ, ಆಮೇಲೆ ಮೇಲಿನ ರಾಡ್ ಮಾತ್ರ ಹಾಕಿ 3 ನಿಮಿಷ. ಆ ಕೊನೆಯ 3 ನಿಮಿಷ ಓವನ್ ಮುಂದೆಯೇ ನಿಂತಿರಿ.

ಏರ್ ಫ್ರೈಯರ್ ಒಬ್ಬರಿಗೆ, ಇಬ್ಬರಿಗೆ ತುಂಬಾ ಚೆನ್ನ. ಮೂರ್ನಾಲ್ಕು ನಿಮಿಷಕ್ಕೆ ಬಿಸಿಯಾಗುತ್ತದೆ. 180 ಡಿಗ್ರಿಯಲ್ಲಿ ಎರಡು ಬಂಗುಡೆ 12ರಿಂದ 14 ನಿಮಿಷ, ನಡುವೆ ಒಮ್ಮೆ ತಿರುಗಿಸಿ. ಚರ್ಮ ಓಟಿಜಿಗಿಂತ ಗರಿಯಾಗಿ ಬರುತ್ತದೆ, ಇದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಸಾಮಾನ್ಯ ಬುಟ್ಟಿಯಲ್ಲಿ ನಾಲ್ಕು ಇಡೀ ಬಂಗುಡೆ ಹಿಡಿಯುವುದಿಲ್ಲ. ಒಂದರ ಮೇಲೊಂದು ಇಟ್ಟರೆ ತಾಗಿದ ಜಾಗ ಬೇಯುವುದಿಲ್ಲ, ಎರಡು ಸಲ ಮಾಡಬೇಕು. ಕರೆಂಟ್ ಉಳಿಯುತ್ತದೆ ಅನ್ನುವ ಲೆಕ್ಕವೂ ಅಲ್ಲೇ ಹೋಗುತ್ತದೆ. 1500 ವ್ಯಾಟ್‌ನ ಏರ್ ಫ್ರೈಯರ್ ಒಂದು ಸಲಕ್ಕೆ 15 ನಿಮಿಷ ಓಡಿದರೆ ಹೆಚ್ಚೆಂದರೆ 0.4 ಯೂನಿಟ್. ಎರಡು ಸಲಕ್ಕೆ 0.8. ಅಷ್ಟೇ ವ್ಯಾಟ್‌ನ ಓಟಿಜಿ ಬಿಸಿ ಮಾಡುವುದೂ ಸೇರಿ ಅರ್ಧ ಗಂಟೆ ಓಡಿದರೂ 0.75 ದಾಟುವುದಿಲ್ಲ. ಇನ್ನೊಂದು ವಿಷಯ, ಒಳಗಿನ ಗಾಳಿ ಜೋರು. ಒಣ ಪುಡಿ ಉದುರಿಸಿದರೆ ಹಾರಿ ಹೋಗುತ್ತದೆ, ಮಸಾಲೆ ಎಣ್ಣೆಯಲ್ಲಿ ಕಲಸಿದ್ದೇ ಆಗಬೇಕು. ಬಾಳೆ ಎಲೆಯ ತುದಿ ಬಿಟ್ಟುಕೊಂಡರೆ ಎದ್ದು ಮೇಲಿನ ಕಾಯಿಲ್‌ಗೆ ತಾಗಬಹುದು, ಮಡಚಿದ ಬದಿಯನ್ನು ಕೆಳಗೆ ಮಾಡಿ ಮೀನಿನ ಭಾರ ಅದರ ಮೇಲೆ ಬೀಳುವಂತೆ ಇಡಿ.

ಕನ್ವೆಕ್ಷನ್ (ಫ್ಯಾನ್‌ನಿಂದ ಬಿಸಿಗಾಳಿ ತಿರುಗಿಸುವ ವ್ಯವಸ್ಥೆ) ಇರುವ ಮೈಕ್ರೋವೇವ್ ಮನೆಯಲ್ಲಿದ್ದರೆ ಹೊಸದು ಏನೂ ಕೊಳ್ಳಬೇಕಿಲ್ಲ. ಕನ್ವೆಕ್ಷನ್ ಮೋಡ್‌ನಲ್ಲಿ ಓಟಿಜಿಯ ಲೆಕ್ಕವೇ ನಡೆಯುತ್ತದೆ, ಎರಡು ಮೂರು ನಿಮಿಷ ಹೆಚ್ಚು ಬೇಕಾಗಬಹುದು. ಬರೀ ಮೈಕ್ರೋವೇವ್ ಮೋಡ್ ಬೇಡ. ಅದರಲ್ಲಿ ಮೀನು ಹಬೆಯಲ್ಲಿ ಬೆಂದ ಹಾಗಾಗುತ್ತದೆ, ಮಸಾಲೆ ಮೇಲೆ ಒದ್ದೆಯಾಗೇ ಉಳಿಯುತ್ತದೆ. ಆ ಮೋಡ್‌ನಲ್ಲಿ ಫಾಯಿಲ್ ಇಟ್ಟರೆ ಕಿಡಿ ಹಾರುತ್ತದೆ, ಅದು ಅಪಾಯ.

ಯಾವ ಓವನ್ನೂ ಇಲ್ಲದವರು ಬಿಟ್ಟುಬಿಡಬೇಕಾಗಿಲ್ಲ. ದಪ್ಪ ಕಬ್ಬಿಣದ ಕಾವಲಿ ಬಿಸಿ ಮಾಡಿ, ಬಾಳೆ ಎಲೆ ಸುತ್ತಿದ ಮೀನು ಇಟ್ಟು, ಮೇಲೆ ಭಾರದ ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಒಂದೊಂದು ಬದಿ 8 ನಿಮಿಷ. ಎಲೆ ಸುಟ್ಟು ಕಪ್ಪಾಗುತ್ತದೆ, ಆಗಲಿ, ಆ ಹೊಗೆಯ ವಾಸನೆಯೇ ಮೀನಿಗೆ ಹತ್ತುವುದು. ಸುತ್ತಿದ ಮೀನಿನ ಮಟ್ಟಿಗೆ ಇದು ಓವನ್‌ಗಿಂತ ಒಂದು ಕೈ ಮೇಲು ಅಂತಲೇ ನನ್ನ ಅಭಿಪ್ರಾಯ. ಎರಡು ಮೀನಿಗಿಂತ ಜಾಸ್ತಿ ಹಿಡಿಯುವುದಿಲ್ಲ ಅನ್ನುವುದೊಂದೇ ಕೊರತೆ.

ಬೆಂದಿದೆ ಅಂತ ಗೊತ್ತಾಗುವುದು ಹೇಗೆ? ಅತಿ ದಪ್ಪ ಇರುವ ಜಾಗದಲ್ಲಿ, ತಲೆಯ ಹಿಂದೆ, ಚಾಕುವಿನ ತುದಿ ಹಾಕಿ ಸ್ವಲ್ಪ ಎತ್ತಿ. ಮಾಂಸ ಮುಳ್ಳು ಬಿಟ್ಟು ಎದ್ದು, ಗಾಜಿನ ಹಾಗೆ ಇದ್ದದ್ದು ಹಾಲಿನ ಬಣ್ಣಕ್ಕೆ ಬಂದಿದ್ದರೆ ಆಯಿತು. ಅಡುಗೆಯ ಥರ್ಮಾಮೀಟರ್ ಇದ್ದರೆ 63 ಡಿಗ್ರಿ. ಹೊಸ ಮೀನು, ಹೊಸ ಓವನ್ ಆದರೆ ದಪ್ಪ ಅಳೆದುಕೊಳ್ಳಿ, 200 ಡಿಗ್ರಿಯಲ್ಲಿ ಪ್ರತಿ ಎರಡೂವರೆ ಸೆಂಟಿಮೀಟರ್‌ಗೆ ಸುಮಾರು 10 ನಿಮಿಷ ಅಂತ ಶುರು ಮಾಡಿ ಆಮೇಲೆ ನಿಮ್ಮ ಓವನ್‌ಗೆ ತಕ್ಕ ಹಾಗೆ ಹೊಂದಿಸಿಕೊಳ್ಳಿ.

ನನ್ನ ಮನೆಯಲ್ಲಿ ಯಾವಾಗ ಯಾವುದು

ವಾರದ ಮಧ್ಯೆ ಬಂಗುಡೆ, ಕೆಂಪು ಮಸಾಲೆ, ತೆರೆದು, ಓಟಿಜಿ. ಭಾನುವಾರವೇ ಮಸಾಲೆ ಎರಡು ಪಾಲು ಅರೆದು ಹುರಿದು ಗಾಜಿನ ಬಾಟಲಿಯಲ್ಲಿ ಫ್ರಿಜ್‌ಗೆ ಇಡುತ್ತೇನೆ, ಬುಧವಾರ ಬರೀ ಹಚ್ಚುವ ಕೆಲಸ. ಆಗ 7.30ಕ್ಕೆ ಬಂದರೂ 8.15ಕ್ಕೆ ಊಟ. ಕುಚ್ಚಲಕ್ಕಿ ಅನ್ನ ಬೇಕು ಅನ್ನುವವರು ಮನೆಗೆ ಬಂದ ಕೂಡಲೇ ಮೊದಲು ಕುಕ್ಕರ್ ಇಡಿ, ಆಮೇಲೆ ಮೀನು ಮುಟ್ಟಿ. ಅದಕ್ಕೆ ಮೀನಿಗಿಂತ ಜಾಸ್ತಿ ಹೊತ್ತು ಬೇಕು.

ನೆಂಟರು ಬರುವ ದಿನ ಮಾಂಜಿ, ಎಲೆಯಲ್ಲಿ. ಅಂಜಲ್ ಆದರೂ ಆಗಬಹುದು, ಆದರೆ ಅವರು ಬಂದು ಕೂತ ಮೇಲೆ ಓವನ್‌ಗೆ ಹಾಕಿ, ಮೊದಲೇ ಮಾಡಿಟ್ಟು ಮತ್ತೆ ಬಿಸಿ ಮಾಡಿದರೆ ಒಣಗುತ್ತದೆ. ಮಕ್ಕಳ ಸ್ನೇಹಿತರು ಬಂದರೆ ಬಾಸಾ, ಬರೀ ಬ್ಯಾಡಗಿ ಮೆಣಸಿನ ಮಸಾಲೆಗೆ ಎರಡು ಚಮಚ ಗಟ್ಟಿ ಮೊಸರು ಸೇರಿಸಿ, ಪೇಪರ್‌ನಲ್ಲಿ ಸುತ್ತಿ 200 ಡಿಗ್ರಿಗೆ 15 ನಿಮಿಷ. ಮನೆಯಲ್ಲಿ ಒಬ್ಬಳೇ ಇದ್ದ ರಾತ್ರಿ ಒಂದು ದೊಡ್ಡ ಬಂಗುಡೆ, ಕಾಳುಮೆಣಸು, ತಂಗಿ ಕೊಟ್ಟ ಪುಟ್ಟ ಏರ್ ಫ್ರೈಯರ್.

ಟ್ರೇಯನ್ನು ಬಿಸಿ ಇರುವಾಗಲೇ ನೋಡಿಕೊಳ್ಳಿ. ಮೀನು ತೆಗೆದ ತಕ್ಷಣ ಅದಕ್ಕೆ ಬಿಸಿನೀರು, ಹಿಂಡಿದ ಲಿಂಬೆ ಸಿಪ್ಪೆ ಹಾಕಿ, ಸ್ವಿಚ್ ಆಫ್ ಮಾಡಿದ ಓವನ್ ಒಳಗೇ ಇಟ್ಟು ಊಟಕ್ಕೆ ಕೂತುಕೊಳ್ಳಿ. ಊಟ ಮುಗಿಯುವಾಗ ಒಂದು ಒರೆಸಿಗೆ ಎಲ್ಲ ಬರುತ್ತದೆ, ವಾಸನೆಯೂ ಅರ್ಧಕ್ಕೆ ಇಳಿದಿರುತ್ತದೆ.

ಒಂದು ಬಂಗುಡೆ ಉಳಿದರೆ ಮರುದಿನ ಬಿಸಿ ಮಾಡಲು ಹೋಗಬೇಡಿ. ಮುಳ್ಳು ಬಿಡಿಸಿ, ಸಣ್ಣಗೆ ಹೆಚ್ಚಿದ ನೀರುಳ್ಳಿ, ಒಂದು ಹಸಿಮೆಣಸು, ಎರಡು ಚಮಚ ತೆಂಗಿನತುರಿ, ನಾಲ್ಕು ಹನಿ ತೆಂಗಿನೆಣ್ಣೆ ಹಾಕಿ ಕೈಯಲ್ಲೇ ಕಿವುಚಿ. ಬೆಳಗ್ಗಿನ ಗಂಜಿಗೆ ಇದು ಸಾಕು.